ಸಿಗದವರ ಪಟ್ಟಿ

ನಮ್ಮ ದೊಡ್ಡಮ್ಮ ಮೂವತ್ತೊಂದು ವರ್ಷ ನೆಲಮಾಳಿಗೆಯಲ್ಲಿ ಕೆಲಸ ಮಾಡಿದಳು. ಆಸ್ಪತ್ರೆಯ ಹಳೆಯ ಕಟ್ಟಡದಲ್ಲಿ ಹನ್ನೊಂದು ಮೆಟ್ಟಿಲು ಇಳಿದರೆ ರೆಕಾರ್ಡ್ ರೂಮು. ಕಬ್ಬಿಣದ ಕಪಾಟುಗಳು, ದಾರ ಕಟ್ಟಿದ ಫೈಲುಗಳು, ಒಂದು ಮೇಜು, ಕುಂಟುವ ಕುರ್ಚಿ. ಗೋಡೆಯ ಮೇಲ್ಭಾಗದಲ್ಲಿ ಗೇಣಗಲದ ಒಂದು ಕಿಟಕಿ. ಅದರಲ್ಲಿ ಹೊರಗೆ ಓಡಾಡುವವರ ಕಾಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ದೊಡ್ಡಮ್ಮನಿಗೆ ಅಷ್ಟೇ ಸಾಕಿತ್ತು. "ದೊಡ್ಡ ಡಾಕ್ಟ್ರು ಬಂದ್ರು, ಇವತ್ತು ಯಾರ ಮೇಲೋ ಹಾರಾಡ್ತಾರೆ, ಹೆಜ್ಜೆ ನೋಡು" ಅನ್ನುತ್ತಿದ್ದಳು. ಹತ್ತರಲ್ಲಿ ಎಂಟು ಸಲ ಸರಿಯಾಗಿರುತ್ತಿತ್ತು.

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಫೈಲಕ್ಕ ಎಂದೇ ಕರೆಯುತ್ತಿದ್ದರು. ಓದಿದ್ದು ಹತ್ತನೇ ಕ್ಲಾಸು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಯಾವ ಫೈಲು ಯಾವ ಕಪಾಟಿನ ಎಷ್ಟನೇ ಅರೆಯಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಆದರೆ ಮನೆಯಲ್ಲಿ ಕನ್ನಡಕ ಎಲ್ಲಿಟ್ಟೆ ಅಂತ ದಿನಕ್ಕೆ ನಾಲ್ಕು ಸಲ ಹುಡುಕಿ ಕೊನೆಗೆ ಅದನ್ನು ತಲೆಯ ಮೇಲಿಂದ ಇಳಿಸಿಕೊಳ್ಳುತ್ತಿದ್ದಳು.

ನಾನು ಆಗ ನರ್ಸಿಂಗ್ ಓದುತ್ತ ದೊಡ್ಡಮ್ಮ, ದೊಡ್ಡಪ್ಪನ ಮನೆಯಲ್ಲೇ ಇದ್ದೆ. ಅವರಿಗೆ ಮಕ್ಕಳಿರಲಿಲ್ಲ. ಎರಡೇ ಕೋಣೆಯ ಮನೆ. ಮುಂದಿನ ಕೋಣೆ ದೊಡ್ಡಪ್ಪನ ಟೈಲರ್ ಅಂಗಡಿ, ಹಿಂದಿನದರಲ್ಲಿ ಉಳಿದ ಸಂಸಾರವೆಲ್ಲ. ದೊಡ್ಡಪ್ಪ ಮಾತು ಕಮ್ಮಿ. ಬಾಯಲ್ಲಿ ಸದಾ ಎರಡು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದುದರಿಂದ ಹಾಗಾಯಿತೋ, ಅಥವಾ ದೊಡ್ಡಮ್ಮ ಇಬ್ಬರ ಪಾಲನ್ನೂ ಒಬ್ಬಳೇ ಆಡಿಬಿಡುತ್ತಿದ್ದುದರಿಂದ ಹಾಗಾಯಿತೋ ಗೊತ್ತಿಲ್ಲ.

ಆ ವರ್ಷ ದೊಡ್ಡ ಡಾಕ್ಟರು, ಅಂದರೆ ವಿಭಾಗದ ಮುಖ್ಯಸ್ಥರು, ಒಂದು ಅಧ್ಯಯನ ನಡೆಸುತ್ತಿದ್ದರು. ಸಕ್ಕರೆ ಕಾಯಿಲೆ ಹಳತಾದವರಿಗೆ ಪಾದದಲ್ಲಿ ಸ್ಪರ್ಶ ಹೋಗಿಬಿಡುತ್ತದೆ. ಮೊಳೆ ಚುಚ್ಚಿದರೂ ಗೊತ್ತಾಗುವುದಿಲ್ಲ. ಸಣ್ಣ ಹುಣ್ಣು ದೊಡ್ಡದಾಗಿ, ಕೊನೆಗೆ ಬೆರಳೋ ಕಾಲೋ ಕತ್ತರಿಸುವ ಮಟ್ಟಕ್ಕೆ ಬರುತ್ತದೆ. ಅಂಥವರಿಗಾಗಿ ಅವರು ಮೆತ್ತನೆಯ ದಪ್ಪ ಅಟ್ಟೆಯ ಒಂದು ಚಪ್ಪಲಿ ಮಾಡಿಸಿದ್ದರು. ಹುಣ್ಣಾಗಿದ್ದ ಮುನ್ನೂರ ಹನ್ನೆರಡು ಜನಕ್ಕೆ ಒಂದೊಂದು ಜೊತೆ ಉಚಿತವಾಗಿ ಕೊಟ್ಟರು. ತಿಂಗಳಿಗೊಮ್ಮೆ ಬಂದು ತೋರಿಸಬೇಕು. ವರ್ಷದ ಕೊನೆಗೆ ಎಷ್ಟು ಜನರ ಹುಣ್ಣು ಮಾಯಿತು ಅಂತ ಲೆಕ್ಕ. ಬಾರದವರಿಗೆ ಫೋನ್ ಮಾಡಿ ನೆನಪಿಸುವ ಕೆಲಸ ದೊಡ್ಡಮ್ಮನದು.

ವರ್ಷ ಮುಗಿಯಿತು. ಬಂದವರು ಇನ್ನೂರ ನಲವತ್ತೆಂಟು. ಅವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಹುಣ್ಣು ಮಾದಿತ್ತು. ವಿಭಾಗದಲ್ಲಿ ಎಲ್ಲರ ಮುಖವೂ ಅರಳಿತ್ತು. ಅಧ್ಯಯನದ ಕೆಲಸ ನೋಡಿಕೊಳ್ಳುತ್ತಿದ್ದ ಚಿಕ್ಕ ಡಾಕ್ಟ್ರಮ್ಮ ಕೆಳಗೆ ಬಂದು, ಉಳಿದ ಅರವತ್ತನಾಲ್ಕು ಫೈಲುಗಳನ್ನು ಮೇಜಿನ ಮೇಲಿಟ್ಟರು.

"ಫೈಲಕ್ಕ, ಇವಿಷ್ಟಕ್ಕೂ 'ಸಂಪರ್ಕಕ್ಕೆ ಸಿಗಲಿಲ್ಲ' ಸೀಲು ಹೊಡೆದು ಕಟ್ಟಿಡಿ. ಲೆಕ್ಕದಿಂದ ಬಿಡ್ತಿದ್ದೀವಿ."

"ಬಿಡೋದು ಅಂದ್ರೆ? ಅವರು ಬದುಕಿದ್ದಾರೋ ಇಲ್ವೋ?"

"ಗೊತ್ತಿಲ್ಲ ಅಕ್ಕ. ಮೂರು ಸಲ ಫೋನ್ ಮಾಡಿ ಸಿಗದಿದ್ರೆ ಬಿಡಬಹುದು ಅಂತ ನಿಯಮ ಇದೆ. ಎಲ್ಲಾ ಕಡೆ ಹೀಗೇ ಮಾಡೋದು."

ದೊಡ್ಡಮ್ಮ ಸೀಲು ಕೈಗೆತ್ತಿಕೊಂಡಳು. ಹದಿನೆಂಟು ಹೊಡೆದಳು. ಹತ್ತೊಂಬತ್ತನೆಯ ಫೈಲಿನ ರಟ್ಟಿನ ಮೇಲೆ ನೀಲಿ ಹೆಬ್ಬೆರಳಿನ ಗುರುತಿತ್ತು. ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿನದು. ಅವಳ ಎರಡೂ ಕೈ ಮೊಣಕೈತನಕ ನೀಲಿ. ಮೊದಲ ದಿನ ಫೈಲು ಮುಟ್ಟಿದ್ದಕ್ಕೆ ದೊಡ್ಡಮ್ಮ ಅವಳ ಮೇಲೆ ರೇಗಿದ್ದಳಂತೆ, ಅವಳು ನಗುತ್ತ, "ತೊಳ್ದೇ ಬಂದಿದ್ದೀನಿ ಅಕ್ಕಾ, ಇದು ನನ್ನ ಜೊತೇಲೇ ಸುಡೋ ಬಣ್ಣ" ಅಂದಿದ್ದಳಂತೆ. ದೊಡ್ಡಮ್ಮ ಸೀಲನ್ನು ಕೆಳಗಿಟ್ಟಳು.

ಆ ಸಂಜೆ ಅವಳು ಅರವತ್ತನಾಲ್ಕು ವಿಳಾಸಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮನೆಗೆ ತಂದಳು. ದೊಡ್ಡಪ್ಪ ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಊರಿನ ಹಳೆಯ ನಕಾಶೆ ಹರಡಿ, ಒಂದೊಂದು ವಿಳಾಸಕ್ಕೂ ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಿಂದ ಚುಕ್ಕೆ ಇಟ್ಟರು. ನಾನು ಓದಿ ಹೇಳುತ್ತಿದ್ದೆ. ಮುಗಿಸಿ ನೋಡಿದರೆ ಐವತ್ಮೂರು ಚುಕ್ಕೆಗಳು ರೈಲ್ವೆ ಗೇಟಿನ ಆಚೆಗಿದ್ದವು. ಅಲ್ಲಿರುವುದು ಬಣ್ಣದ ಶೆಡ್ಡುಗಳು, ಮಗ್ಗದ ಮನೆಗಳು, ಹಳೇ ಕಬ್ಬಿಣದ ಗುಜರಿ, ಬಾಡಿಗೆಯ ಸಾಲುಮನೆಗಳು.

"ನೀನು ಇವರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡ್ತಿದ್ದೆ?" ದೊಡ್ಡಪ್ಪ ಕೇಳಿದರು.

"ಹನ್ನೊಂದು ಗಂಟೆಗೆ. ಫೋನ್ ಇರೋ ಮೇಜು ನಂಗೆ ಸಿಗೋದೇ ಆಗ."

"ಆ ಹೊತ್ತಲ್ಲಿ ಶೆಡ್ಡಲ್ಲಿ ಯಾರು ಫೋನ್ ಎತ್ಕೋತಾರೆ? ಫೋನೆಲ್ಲ ಬಾಗಿಲಲ್ಲೇ ಇಸ್ಕೊಂಡುಬಿಡ್ತಾರಲ್ಲ."

ದೊಡ್ಡಮ್ಮ ಪೆನ್ನಿನ ಮುಚ್ಚಳ ಹಾಕಿ ಅನ್ನಕ್ಕಿಡಲು ಎದ್ದುಹೋದಳು. ಒಂದು ವರ್ಷ ತಾನು ಯಾರ ಕೈಯಲ್ಲೂ ಇಲ್ಲದ ಫೋನುಗಳಿಗೆ ಕರೆ ಮಾಡಿದ್ದು, ಪ್ರತಿ ಸಲವೂ ತನ್ನ ಚಂದದ ಅಕ್ಷರದಲ್ಲಿ "ಉತ್ತರವಿಲ್ಲ" ಎಂದು ಬರೆದದ್ದು ಅವಳಿಗೆ ಆಗ ಹೊಳೆದಿರಬೇಕು. ಊಟಕ್ಕೆ ಕೂತಾಗ ಒಂದೇ ಮಾತು: "ಭಾನುವಾರ ಹೋಗೋಣ ರೀ."

'ಹೋಗೋಣ' ಅನ್ನುವುದಕ್ಕೆ ಕಾರಣವಿತ್ತು. ದೊಡ್ಡಮ್ಮನಿಗೆ ನಾಯಿ ಅಂದರೆ ಜೀವ ಬಾಯಿಗೆ ಬರುತ್ತಿತ್ತು. ಗೇಟಿನಾಚೆಯ ನಾಯಿಗಳೋ, ಊರಿಗೇ ಹೆಸರಾಗಿದ್ದವು. ದೊಡ್ಡಪ್ಪ ಮೊಪೆಡ್ ಓಡಿಸಬೇಕು, ದೊಡ್ಡಮ್ಮ ಹಿಂದೆ ಮಡಚಿದ ಕೊಡೆ ಹಿಡಿದು ಕೂರಬೇಕು ಅಂತ ಒಪ್ಪಂದವಾಯಿತು. ಬ್ಯಾಂಡೇಜು, ಔಷಧದ ಚೀಲ ಹೊತ್ತು ನಾನು ಸೈಕಲ್ಲಿನಲ್ಲಿ ಹಿಂದೆ.

ಮೊದಲ ಮನೆ ಮಗ್ಗದವನದು. ನಮ್ಮನ್ನು ನೋಡಿ ಗಾಬರಿಯಾದ. ಆಸ್ಪತ್ರೆಯವರು ಅಂದ ಕೂಡಲೇ ಸ್ಟೂಲು ಹತ್ತಿ, ಕಪಾಟಿನ ಮೇಲಿಂದ ಒಂದು ಪೇಪರಿನ ಪೊಟ್ಟಣ ಇಳಿಸಿದ. ಬಿಚ್ಚಿದರೆ ಚಪ್ಪಲಿ. ಅಟ್ಟೆಗೆ ಧೂಳು ಕೂಡ ತಾಗಿರಲಿಲ್ಲ.

"ಹಾಕ್ಕೊಳ್ಳೇ ಇಲ್ವಾ?" ದೊಡ್ಡಮ್ಮ ಕೇಳಿದಳು.

"ಎರಡು ಸಲ ಹಾಕ್ಕೊಂಡೆನಮ್ಮಾ, ಮದುವೇಗೆ. ಇಷ್ಟು ಒಳ್ಳೇ ಚಪ್ಪಲಿ ನಮ್ಮ ಮನೇಲಿ ಯಾರೂ ಹಾಕಿಲ್ಲ. ಮಗ್ಗಕ್ಕೆ ಬರಿಗಾಲೇ ಬೇಕು, ತುಳಿಗೋಲು ಕಾಲಿಗೆ ತಿಳೀಬೇಕಲ್ಲ."

"ಕಾಲಿಗೆ ತಿಳೀತಾ ಇದ್ಯಾ ಈಗ?"

ಅವನು ನಕ್ಕುಬಿಟ್ಟ. "ಅದೂ ನಿಜ."

ಅವನ ಹೆಬ್ಬೆರಳಿನ ಕೆಳಗಿನ ಹುಣ್ಣು ಹಾಗೇ ಇತ್ತು. ತೊಳೆದು ಕಟ್ಟು ಕಟ್ಟಿದೆ. ದೊಡ್ಡಮ್ಮ ನೋಟ್‌ಬುಕ್ಕಿನಲ್ಲಿ ಅವನು ಹೇಳಿದ ಮಾತನ್ನೆಲ್ಲ ಹಾಗೇ ಬರೆದುಕೊಂಡಳು. ಬರೀ ಹುಣ್ಣಿದೆ, ಇಲ್ಲ ಅಂತ ಬರೆದರೆ ಸಾಲದೇ ಅಂತ ನಾನು ಅಂದದ್ದಕ್ಕೆ, "ಯಾಕೆ ಇದೆ ಅಂತ ಮೇಲಿನವರಿಗೆ ಗೊತ್ತಾಗೋದು ಬೇಡ್ವಾ?" ಅಂತ ನನ್ನನ್ನೇ ಗದರಿದಳು.

ನೀಲಿ ಕೈಯವಳು ಸಾಲುಮನೆಯ ಕೊನೆಯಲ್ಲಿದ್ದಳು. ಮಂಚದ ಮೇಲೆ ಕೂತು ದಾರದ ಸಿಕ್ಕು ಬಿಡಿಸುತ್ತಿದ್ದಳು. ಎಡಗಾಲಿಗೆ ಬ್ಯಾಂಡೇಜು. ಎರಡು ಬೆರಳು ಹೋಗಿದ್ದವು. ದೊಡ್ಡಮ್ಮನನ್ನು ಕಂಡದ್ದೇ, "ಅಯ್ಯೋ ಫೈಲಕ್ಕ! ನನ್ನ ಫೈಲು ತಗೊಂಡು ಮನೆಗೇ ಬಂದ್ಯಾ?" ಅಂತ ಸೊಸೆಯನ್ನು ಕೂಗಿ ಟೀ ಇಡಿಸಿದಳು.

"ಯಾಕೆ ಬರ್ಲಿಲ್ಲ ನೀನು?"

"ಎರಡು ಸಲ ಬಂದೆನಲ್ಲಕ್ಕಾ. ಬೆಳಿಗ್ಗೆ ಎಂಟಕ್ಕೆ ಬಂದ್ರೆ ಸರದಿ ಬರೋದು ಮಧ್ಯಾಹ್ನ ಒಂದಕ್ಕೆ. ಶೆಡ್ಡಲ್ಲಿ ಮೂರನೇ ಸಲ ಬಿಡಲ್ಲ ಅಂದ್ರು. ಕಾಲು ಮುಖ್ಯಾನೋ ಕೆಲಸ ಮುಖ್ಯಾನೋ ಅಂತ ಕೇಳಿದ್ರು. ನಾನೇನ್ ಹೇಳ್ಲಿ? ಕೆಲಸಕ್ಕೆ ಹೋಗೋದೂ ಕಾಲಲ್ಲೇ ಅಲ್ವಾ!"

"ಚಪ್ಪಲಿನಾದ್ರೂ ಹಾಕ್ಕೋಬೇಕಿತ್ತು."

"ಹಾಕ್ಕೊಂಡೆ. ಬೆಳಿಗ್ಗೆ ಹೂವಿನ ಹಾಗಿರುತ್ತೆ. ಮಧ್ಯಾಹ್ನ ಮೂರಾದ್ಮೇಲೆ ಈ ಪಟ್ಟಿ ಕಚ್ಚುತ್ತೆ ನೋಡು, ಸಂಜೆ ಬಿಚ್ಚಿದ್ರೆ ರಕ್ತ. ಕಚ್ಚಿದ್ದು ಗೊತ್ತಾಗಲ್ಲ, ರಕ್ತ ನೋಡಿದ್ಮೇಲೇ ಗೊತ್ತಾಗೋದು."

ಬಾಗಿಲಲ್ಲಿ ನಾಯಿಗೆ ಕೊಡೆ ತೋರಿಸುತ್ತ ನಿಂತಿದ್ದ ದೊಡ್ಡಪ್ಪ ಒಳಗೆ ಬಂದರು. ಚಪ್ಪಲಿ ಕೈಗೆತ್ತಿಕೊಂಡು, ಪಟ್ಟಿಯನ್ನು ಬೆರಳಲ್ಲಿ ಎಳೆದು ನೋಡಿ, "ಅಳತೆ ಯಾವಾಗ ತಗೊಂಡ್ರು?" ಅಂದರು.

"ಅಲ್ಲೇ ಆಸ್ಪತ್ರೇಲಿ, ಬೆಳಿಗ್ಗೆ. ಕೂರಿಸಿ ತಗೊಂಡ್ರು."

ದೊಡ್ಡಪ್ಪ ಕತ್ತಿನಲ್ಲಿದ್ದ ಟೇಪು ತೆಗೆದು, ಗಾಯ ಮುಟ್ಟದ ಹಾಗೆ ಅವಳ ಬಲಪಾದದ ಸುತ್ತಳತೆ ನೋಡಿದರು. ಆಗ ಸಂಜೆ ಐದೂವರೆ. ಆಸ್ಪತ್ರೆಯ ಅಳತೆ ಅವಳ ಕಾರ್ಡಿನಲ್ಲೇ ಬರೆದಿತ್ತು. ಕೂತೇ ಇದ್ದವಳ ಪಾದಕ್ಕೂ ಮುಕ್ಕಾಲು ಇಂಚು ವ್ಯತ್ಯಾಸ. "ಹತ್ತು ಗಂಟೆ ನಿಂತು ದುಡಿಯೋರ ಪಾದ ಸಂಜೆಗೆ ಇನ್ನೂ ಊದಿರುತ್ತೆ. ಇವರ ಅಳತೆ ಸಂಜೆ ತಗೋಬೇಕು, ನಿಲ್ಲಿಸಿ ತಗೋಬೇಕು" ಅಂದರು. ದಿನಕ್ಕೆ ಅವರ ಪಾಲಿನ ಮಾತು ಅಲ್ಲಿಗೆ ಮುಗಿಯಿತು. ದೊಡ್ಡಮ್ಮ ಗಂಡನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿ, ಅದನ್ನೂ ಬರೆದುಕೊಂಡಳು.

ಹೀಗೆ ಒಂಬತ್ತು ಭಾನುವಾರ ಹೋದೆವು. ಪ್ರತಿ ವಾರ ಒಂದು ಹೊಸ ಕಾರಣ ಸಿಗುತ್ತಿತ್ತು. ಬಣ್ಣದ ಶೆಡ್ಡಿನ ಒದ್ದೆ ನೆಲದಲ್ಲಿ ಆ ಅಟ್ಟೆ ಜಾರುತ್ತದೆ ಅಂತ ಒಬ್ಬಳು. ಚಪ್ಪಲಿಯನ್ನು ಮಗಳ ಕಾಲಿಗೆ ಚಂದ ಕಾಣುತ್ತದೆಂದು ಕೊಟ್ಟುಬಿಟ್ಟ ತಾಯಿ. ಆಸ್ಪತ್ರೆಯಲ್ಲಿ ಹೆಸರು ಮೆಲ್ಲಗೆ ಕೂಗುತ್ತಾರೆ, ತನಗೆ ಕಿವಿ ಮಂದ, ನಾಚಿಕೆಯಿಂದ ಯಾರನ್ನೂ ಕೇಳಲಿಲ್ಲ ಅಂದ ಗುಜರಿಯ ಮುದುಕ. ಹತ್ತೊಂಬತ್ತು ಜನಕ್ಕೆ ಹುಣ್ಣು ಮಾದಿತ್ತು. ಅವರ ಮನೆಯಿಂದ ಬರುವಾಗ ದೊಡ್ಡಮ್ಮ ಮೊಪೆಡ್ಡಿನ ಹಿಂದೆ ಹಾಡು ಗುನುಗುತ್ತಿದ್ದಳು.

ಐದನೆಯ ಭಾನುವಾರ ಒಂದು ಮನೆಯ ಬಾಗಿಲು ತಟ್ಟಿದಾಗ ಒಬ್ಬ ಹೆಂಗಸು ಬಂದಳು. ಅವಳ ಗಂಡ ಪಟ್ಟಿಯಲ್ಲಿದ್ದ. ಅವನು ಹೋಗಿ ನಾಲ್ಕು ತಿಂಗಳಾಗಿತ್ತು. ಕಾಲಿನ ನಂಜು ಮೈಗೆ ಏರಿತ್ತು. ನಾವು ಬಂದ ಕಾರಣ ಕೇಳಿ ಅವಳು ಒಳಗೆ ಹೋಗಿ, ತೊಳೆದು ಒಣಗಿಸಿಟ್ಟ ಚಪ್ಪಲಿಯನ್ನು ತಂದು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ವಾಪಸ್ ಕೊಡೋಕೆ ನಾನೇ ಬರ್ಬೇಕಿತ್ತು. ಇನ್ಯಾರಿಗಾದ್ರೂ ಬೇಕಾಗಿರುತ್ತೆ ಅಂತ ಅಂದ್ಕೋತಾನೇ ಇದ್ದೆ. ಬರೋಕಾಗ್ಲಿಲ್ಲ. ತಪ್ಪು ತಿಳ್ಕೋಬೇಡಿ."

ದೊಡ್ಡಮ್ಮ ಚಪ್ಪಲಿಯನ್ನು ತೆಗೆದುಕೊಳ್ಳಲಿಲ್ಲ. ಅವಳ ಕೈ ಹಿಡಿದು ಹೊಸ್ತಿಲ ಮೇಲೇ ಕೂತುಬಿಟ್ಟಳು. ಇಬ್ಬರೂ ಸುಮಾರು ಹೊತ್ತು ಕೂತಿದ್ದರು. ಆ ಮನುಷ್ಯನಿಗೆ ಏನು ಇಷ್ಟ, ಯಾವ ಕೆಲಸ, ಮಕ್ಕಳನ್ನು ಹೇಗೆ ನಗಿಸುತ್ತಿದ್ದ, ಎಲ್ಲ ಕೇಳಿದಳು. ಹೊರಗೆ ಒಂದು ನಾಯಿ ಬಂದು ದೊಡ್ಡಮ್ಮನ ಸೆರಗು ಮೂಸಿಹೋಯಿತು. ಅವಳಿಗೆ ಗೊತ್ತೇ ಆಗಲಿಲ್ಲ. ಆ ದಿನ ಮುಂದಿನ ಮನೆಗೆ ಹೋಗಲಿಲ್ಲ.

ಕೊನೆಗೆ ಅರವತ್ತನಾಲ್ಕರಲ್ಲಿ ಐವತ್ತೇಳು ಜನರ ಸುದ್ದಿ ಸಿಕ್ಕಿತು. ಹತ್ತೊಂಬತ್ತು ಜನ ಗುಣ. ಇಪ್ಪತ್ಮೂರು ಜನಕ್ಕೆ ಹುಣ್ಣು ಹಾಗೇ. ಒಂಬತ್ತು ಜನಕ್ಕೆ ಬೆರಳೋ ಪಾದವೋ ಹೋಗಿತ್ತು. ಆರು ಜನ ಬದುಕಿರಲಿಲ್ಲ. ಅವರಲ್ಲಿ ಎಲ್ಲರ ಸಾವೂ ಕಾಲಿನಿಂದಲೇ ಅಂತ ಹೇಳಲಾಗದು, ಹಾಗಂತ ದೊಡ್ಡಮ್ಮ ಬರೆದೂ ಇದ್ದಳು. ಏಳು ಜನ ಮನೆ ಬಿಟ್ಟು ಎಲ್ಲಿಗೋ ಹೋಗಿದ್ದರು.

ಸೋಮವಾರ ದೊಡ್ಡಮ್ಮ ಹನ್ನೊಂದು ಮೆಟ್ಟಿಲು ಹತ್ತಿ, ಇನ್ನೂ ಎರಡು ಮಹಡಿ ಹತ್ತಿ, ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಚಿಕ್ಕ ಡಾಕ್ಟ್ರಮ್ಮ ಅಲ್ಲೇ ಇದ್ದರು. ಅಧ್ಯಯನದ ಪ್ರಬಂಧ ಆಗಲೇ ವೈದ್ಯಕೀಯ ಪತ್ರಿಕೆಗೆ ಹೋಗಿತ್ತು. ದೊಡ್ಡಮ್ಮ ನಡೆದದ್ದನ್ನು ಹೇಳಿ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು.

ದೊಡ್ಡ ಡಾಕ್ಟರು ನೋಟ್‌ಬುಕ್ಕು ತೆರೆಯದೆಯೇ ಕೇಳಿದರು. "ಇದನ್ನ ಯಾರು ಮಾಡು ಅಂದ್ರು ನಿಮಗೆ? ರೋಗಿಗಳ ವಿಳಾಸ ಮನೆಗೆ ತಗೊಂಡು ಹೋಗೋದು, ಅವರ ಮನೆ ಬಾಗಿಲಿಗೆ ಹೋಗೋದು ಎಷ್ಟು ದೊಡ್ಡ ತಪ್ಪು ಗೊತ್ತಾ? ಅವರ ಒಪ್ಪಿಗೆ ಬೇಡ್ವಾ?"

"ಒಪ್ಪಿಗೆ ಇದೆ ಸರ್. ಒಪ್ಪಿಗೆ ಪತ್ರದ ಮೂರನೇ ಪುಟ, ಕೆಳಗಿಂದ ಎರಡನೇ ಸಾಲು. 'ಅಗತ್ಯ ಬಿದ್ದರೆ ಆಸ್ಪತ್ರೆಯ ಸಿಬ್ಬಂದಿ ಮನೆಗೆ ಬಂದು ನೋಡಬಹುದು.' ಮುನ್ನೂರ ಹನ್ನೆರಡನ್ನೂ ನಾನೇ ಫೈಲ್ ಮಾಡಿದ್ದು. ವಿಳಾಸ ಮನೆಗೆ ತಂದಿದ್ದು ಮಾತ್ರ ತಪ್ಪು. ಅದಕ್ಕೆ ನೀವೇನ್ ಮಾಡಿದ್ರೂ ಸರಿ."

"ಜೊತೆಗೆ ಯಾರು ಹೋಗಿದ್ರು?"

"ಇವಳು, ನಮ್ಮ ತಂಗಿ ಮಗಳು. ಇಲ್ಲೇ ನರ್ಸಿಂಗ್ ಓದ್ತಾಳೆ. ಮತ್ತೆ ನಮ್ಮನೆಯವರು."

"ಅವರೂ ಆಸ್ಪತ್ರೆ ಸಿಬ್ಬಂದಿಯೇನು?"

"ಅಲ್ಲ ಸರ್. ಅವರು ನಾಯಿಗಳಿಗೋಸ್ಕರ."

ಚಿಕ್ಕ ಡಾಕ್ಟ್ರಮ್ಮ ನಗು ತಡೆಯಲು ಕಿಟಕಿಯ ಕಡೆ ತಿರುಗಿದರು. ಆಮೇಲೆ ತಿರುಗಿ ನಿಂತು ಮೆಲ್ಲಗೆ, "ಸರ್, ನಮ್ಮ ಪ್ರಬಂಧದಲ್ಲಿ ಹತ್ತಕ್ಕೆ ಒಂಬತ್ತು ಅಂತ ಬರೆದಿದ್ದೀವಿ. ಅದು ಬಂದವರ ಲೆಕ್ಕ. ಬರೋಕೆ ಆದವರ ಲೆಕ್ಕ" ಅಂದರು. ತಾವೇ ಸೀಲು ಹೊಡೆಯಲು ಹೇಳಿದ್ದು ಅವರಿಗೆ ಚುಚ್ಚುತ್ತಿತ್ತೆಂದು ಮುಂದೊಂದು ದಿನ ನನ್ನ ಹತ್ತಿರ ಹೇಳಿಕೊಂಡರು.

ದೊಡ್ಡ ಡಾಕ್ಟರು ನಮ್ಮನ್ನು ಕಳಿಸಿಬಿಟ್ಟರು. ನೋಟ್‌ಬುಕ್ಕು ಅವರ ಮೇಜಿನ ಮೇಲೇ ಉಳಿಯಿತು. ನಾಲ್ಕು ದಿನ ಏನೂ ಸುದ್ದಿಯಿಲ್ಲ. ದೊಡ್ಡಮ್ಮ ಮನೆಯಲ್ಲಿ ಪಾತ್ರೆಗಳನ್ನು ಒಂದಕ್ಕೊಂದು ಕುಟ್ಟುತ್ತ, "ಕೆಲಸ ಹೋದ್ರೆ ಹೋಗ್ಲಿ, ಗುಂಡಿ ಹೊಲಿಯೋಕೆ ಕೂರ್ತೀನಿ" ಅನ್ನುತ್ತಿದ್ದಳು. ದೊಡ್ಡಪ್ಪ ಬಾಯಿಂದ ಪಿನ್ನು ತೆಗೆದು, "ನೀನು ಹೊಲಿದ ಗುಂಡಿ ಗಿರಾಕಿ ಬೀದಿ ದಾಟೋದ್ರೊಳಗೆ ಬಿದ್ದೋಗುತ್ತೆ. ಅವರು ನಿನ್ನ ಬಿಡಲ್ಲ, ಸುಮ್ನಿರು" ಅಂದರು. ಅಷ್ಟು ದಿನದಲ್ಲಿ ಅವಳು ನಕ್ಕದ್ದು ಆಗಲೇ.

ಶುಕ್ರವಾರ ದೊಡ್ಡ ಡಾಕ್ಟರು ತಾವೇ ಮೆಟ್ಟಿಲು ಇಳಿದು ಬಂದರು. ಅಷ್ಟು ವರ್ಷದಲ್ಲಿ ಅವರು ಆ ಕೋಣೆಗೆ ಬಂದದ್ದು ಅದೇ ಮೊದಲು. ಕುಂಟುವ ಕುರ್ಚಿಯಲ್ಲಿ ಕೂತು ಒಮ್ಮೆ ತೂಗಾಡಿ ಸಾವರಿಸಿಕೊಂಡರು.

"ಆ ಮಗ್ಗದವನ ಮಾತು ಓದಿದೆ," ಅಂದರು. "ನಾನು ಅವನಿಗೆ ಚಪ್ಪಲಿ ಕೊಟ್ಟಾಗ ಏನ್ ಕೆಲಸ ಮಾಡ್ತೀಯ ಅಂತ ಕೇಳಿದ್ದೆ. ಮಗ್ಗ ಅಂದಿದ್ದ. ನಾನು ಬರ್ಕೊಂಡೂ ಇದ್ದೆ." ನೋಟ್‌ಬುಕ್ಕನ್ನು ಅವಳ ಮುಂದಿಟ್ಟು, "ಪ್ರಬಂಧ ವಾಪಸ್ ತರಿಸ್ತಾ ಇದ್ದೀನಿ. ಭಾನುವಾರ ನಾನೂ ಬರ್ತೀನಿ. ಇನ್ನು ವಿಳಾಸ ಮಾತ್ರ ಮನೆಗೆ ತಗೊಂಡು ಹೋಗಕೂಡದು" ಅಂದರು.

"ಇಲ್ಲ ಸರ್. ಈಗ ಎಲ್ಲಾ ಬಾಯಿಪಾಠ ಆಗಿದೆ" ಅಂದಳು ದೊಡ್ಡಮ್ಮ.

ಪ್ರಬಂಧ ಒಂದು ವರ್ಷ ತಡವಾಗಿ ಬಂತು. ಒಟ್ಟು ಲೆಕ್ಕ ಹತ್ತಕ್ಕೆ ಎಂಟರ ಆಸುಪಾಸಿಗೆ ಇಳಿದಿತ್ತು; ಗೇಟಿನಾಚೆಯವರನ್ನೇ ಬೇರೆ ಮಾಡಿ ನೋಡಿದರೆ ಹತ್ತಕ್ಕೆ ನಾಲ್ಕು. ಮೊದಲು ಒಪ್ಪಿಕೊಂಡಿದ್ದ ಪತ್ರಿಕೆ ಈಗ ಬೇಡ ಅಂದಿತು. ಅದಕ್ಕಿಂತ ಸಣ್ಣದೊಂದು ಪತ್ರಿಕೆ ಹಾಕಿಕೊಂಡಿತು. ಲೇಖಕರ ಸಾಲಿನಲ್ಲಿ ದೊಡ್ಡಮ್ಮನ ಹೆಸರೂ ಇರಬೇಕೆಂದು ಚಿಕ್ಕ ಡಾಕ್ಟ್ರಮ್ಮ ಹಟ ಹಿಡಿದು ಸೇರಿಸಿದರು. ಪತ್ರಿಕೆ ಮನೆಗೆ ಬಂದಾಗ ದೊಡ್ಡಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಟೈಲರ್ ಹೆಸರು ಎಲ್ಲಿ?" ಅಂತ ಕೇಳಿದಳು. ಅದು ಕೊನೆಯ ಪುಟದಲ್ಲಿ, ಕೃತಜ್ಞತೆಯ ಕೆಳಗೆ ಇತ್ತು. ದೊಡ್ಡಪ್ಪ ಆ ಪುಟವನ್ನು ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ ಅಂಗಡಿಯ ಕನ್ನಡಿಗೆ ಅಂಟಿಸಿದರು. ಪ್ಯಾಂಟಿನ ಅಳತೆಗೆ ಬಂದವರೆಲ್ಲ ಅದನ್ನು ಓದಲೇಬೇಕಾಯಿತು.

ಎರಡನೆಯ ಅಧ್ಯಯನ ಶುರುವಾದಾಗ ಚಪ್ಪಲಿಗೆ ಸಡಿಲ ಮಾಡಬಹುದಾದ ಪಟ್ಟಿ ಬಂತು, ಒದ್ದೆ ನೆಲಕ್ಕೆ ಗೀರುಗೀರಿನ ಅಟ್ಟೆ ಬಂತು. ಮಗ್ಗಕ್ಕೆ ಬರಿಗಾಲಿನ ಹಾಗೇ ಹೊಂದುವ ತೆಳುವಾದ ಮೆತ್ತೆಯ ಕಾಲುಚೀಲವನ್ನು ದೊಡ್ಡಪ್ಪನೇ ಮೂರು ಸಲ ಹೊಲಿದು ಮೂರು ಸಲ ಬಿಚ್ಚಿ ಕೊನೆಗೆ ಒಂದು ಮಾದರಿಗೆ ತಂದರು. ಅಳತೆ ಸಂಜೆಯೇ ತೆಗೆದುಕೊಳ್ಳುತ್ತಿದ್ದರು. ಗೇಟಿನಾಚೆಯ ಶಾಲೆಯಲ್ಲಿ ವಾರಕ್ಕೆರಡು ದಿನ ಸಂಜೆ ಆರರಿಂದ ಕ್ಲಿನಿಕ್ಕು. ಹೊಸ ಕಾರ್ಡಿನಲ್ಲಿ ಮೊದಲ ಪ್ರಶ್ನೆಯೇ 'ನಿಮಗೆ ಯಾವ ಹೊತ್ತಿಗೆ ಬಿಡುವು?' ಆ ಸಲ ಗೇಟಿನಾಚೆಯವರಲ್ಲಿ ಹತ್ತಕ್ಕೆ ಏಳು ಜನರ ಹುಣ್ಣು ಮಾಯಿತು. ಮಗ್ಗದವನದೂ ಮಾಯಿತು. ಕಿವಿ ಮಂದದ ಮುದುಕನ ಕಾಲು ಉಳಿಯಲಿಲ್ಲ, ತಡವಾಗಿತ್ತು.

ನೀಲಿ ಕೈಯವಳು ಶೆಡ್ಡು ಬಿಟ್ಟು ಆ ಕ್ಲಿನಿಕ್ಕಿನಲ್ಲೇ ಆಯಾ ಆದಳು. ರೋಗಿಗಳ ಹೆಸರು ಕೂಗುವ ಕೆಲಸ. ಅವಳು ಕೂಗಿದರೆ ರೈಲು ಹೋಗುತ್ತಿದ್ದರೂ ಕೇಳಿಸುತ್ತಿತ್ತು. ಕಾಲಿನಲ್ಲಿ ಉಳಿದ ಎಂಟು ಬೆರಳುಗಳನ್ನು ಹೊಸಬರಿಗೆಲ್ಲ ತೋರಿಸಿ, "ಎಣಿಸ್ಕೊಳ್ಳಿ, ಹತ್ತಿತ್ತು. ನಿಮ್ಮದು ಈಗ ಎಷ್ಟಿದೆ? ಅಷ್ಟೇ ಇಟ್ಕೊಂಡು ಮನೆಗೆ ಹೋಗಿ" ಅನ್ನುತ್ತಿದ್ದಳು. ಒಂದು ಸಂಜೆ ದೊಡ್ಡ ಡಾಕ್ಟರು ಅರ್ಧ ಗಂಟೆ ತಡವಾಗಿ ಬಂದಾಗ, ಬಾಗಿಲಲ್ಲೇ ಅವರನ್ನು ತಡೆದಳು.

"ಇವರೆಲ್ಲ ಹತ್ತು ಗಂಟೆ ನಿಂತು ಬಂದಿದ್ದಾರೆ ಡಾಕ್ಟ್ರೇ. ನೀವು ಮುಂದಿನ ಸಲದಿಂದ ಟೈಮಿಗೆ ಸರಿಯಾಗಿ ಬರ್ಬೇಕು."

"ಆಗ್ಲಮ್ಮಾ" ಅಂದರು ದೊಡ್ಡ ಡಾಕ್ಟರು, ಚಪ್ಪಲಿ ಬಿಟ್ಟು ಒಳಗೆ ಬರುತ್ತ. ಬೆಂಚಿನ ಮೇಲೆ ಕೂತಿದ್ದ ದೊಡ್ಡಮ್ಮ, ತಾನಲ್ಲವೇ ಅಲ್ಲ ಇದನ್ನು ಹೇಳಿಕೊಟ್ಟದ್ದು ಅನ್ನುವ ಹಾಗೆ, ತಲೆಯ ಮೇಲಿನ ಕನ್ನಡಕವನ್ನು ಚೀಲದಲ್ಲಿ ಹುಡುಕತೊಡಗಿದಳು.